ನಾಲ್ಕನೇ ಜ್ವರ

ಸೀಗೆದೊಡ್ಡಿ ಸರ್ಕಾರಿ ಶಾಲೆಯ ಲತಾಮಣಿ ಟೀಚರಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಯಾರಾದರೂ ‘ಬೇಡ’ ಅಂದರೆ ‘ಯಾಕೆ’ ಅಂತ ಕೇಳುವುದು. ಅಪ್ಪನನ್ನು ಕೇಳಿದ್ದಳು, ಅತ್ತೆಯನ್ನು ಕೇಳಿದ್ದಳು, ಮೀಟಿಂಗಿನಲ್ಲಿ ಎದ್ದು ನಿಂತು ಮೇಲಿನವರನ್ನೂ ಕೇಳಿದ್ದಳು. ಕೇಳಿದ ಮೇಲೆ ಉತ್ತರ ಬರುವ ತನಕ ಕೂರುತ್ತಲೂ ಇರಲಿಲ್ಲ. ಇಂಥವರಿಗೆ ಪ್ರಮೋಷನ್ ಎಲ್ಲಿಂದ ಸಿಗಬೇಕು, ಬಿಡಿ.

ಹುಟ್ಟಿದ್ದು ಕುದೂರಿನಲ್ಲಿ. ಅಪ್ಪ ಕೆಂಚಯ್ಯ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಹುರಿದು ಮಾರುತ್ತಿದ್ದ. ಮಗಳ ಹೈಸ್ಕೂಲು ಮುಗಿಯುತ್ತಲೇ ‘ಇನ್ನು ಸಾಕು’ ಅಂದ. ಕಾಲೇಜು ಶುರುವಾಗುವ ದಿನ ಮಾಗಡಿ ಬಸ್ಸು ಬಂದು ನಿಂತಾಗ ಈ ಹುಡುಗಿ ಅಪ್ಪನ ಕಣ್ಣೆದುರೇ ಹತ್ತಿ ಕೂತಳು. ಕೈಯಲ್ಲಿ ಬಿಡಿಗಾಸಿಲ್ಲ. ಕಂಡಕ್ಟರ್ ಇಳಿ ಅಂದ. “ನಮ್ಮಪ್ಪ ಅಲ್ ನಿಂತವ್ನೆ ನೋಡಿ, ಅವ್ನತ್ರ ಇಸ್ಕಳ್ಳಿ” ಅಂದಳು. ಬಸ್ ಸ್ಟ್ಯಾಂಡಿನ ಜನವೆಲ್ಲ ನೋಡುತ್ತಿದ್ದಾರೆ, ಕೆಂಚಯ್ಯ ಏನು ಮಾಡಿಯಾನು? ‘ಇವ್ಳು ನನ್ ಮಾನ ಕಳೀತಾಳೆ’ ಅಂತ ಬೈಯುತ್ತಲೇ ಟಿಕೆಟ್ ತೆಗೆಸಿದ. ಆಮೇಲೆ ಡಿ.ಎಡ್. ತನಕ ಅವನೇ ಓದಿಸಿದ. ಬೈಯುವುದನ್ನು ಮಾತ್ರ ಸಾಯುವ ತನಕ ನಿಲ್ಲಿಸಲಿಲ್ಲ.

ಕೆಲಸ ಸಿಕ್ಕಿದ್ದು ಮರಳವಾಡಿ ಕಡೆಯ ಸೀಗೆದೊಡ್ಡಿಯಲ್ಲಿ. ಸುತ್ತ ಹಿಪ್ಪುನೇರಳೆ ತೋಟ, ತೋಟದ ಪಕ್ಕ ರೇಷ್ಮೆ ಸಾಕುವ ಹುಳುಮನೆ, ಹುಳುಮನೆಯ ಪಕ್ಕ ಜನ ಇರುವ ಮನೆ. ಅಲ್ಲಿನ ಹೆಂಗಸರ ಲೆಕ್ಕದಲ್ಲಿ ಮೊದಲ ಮರ್ಯಾದೆ ಹುಳುವಿಗೆ, ಆಮೇಲೆ ಗಂಡನಿಗೆ. ಒಂದರಿಂದ ಏಳರ ತನಕ ಇದ್ದ ಶಾಲೆಗೆ ಇಬ್ಬರೇ ಶಿಕ್ಷಕರು, ಲತಾಮಣಿ ಮತ್ತು ನಟರಾಜು ಮೇಷ್ಟ್ರು. ಗಣಿತ ಅವರದು, ಉಳಿದ ಗದ್ದಲವೆಲ್ಲ ಇವಳದು. ನಟರಾಜು ಮೇಷ್ಟ್ರು ಮಾತಾಡಿದ್ದನ್ನು ಕೇಳಿದವರು ಕಡಿಮೆ. ಲತಾಮಣಿ ಮಾತಾಡಿದ್ದು ಪಕ್ಕದ ಊರಿಗೂ ಕೇಳುತ್ತಿತ್ತು. ಹೇಗೋ ಇಬ್ಬರಿಗೂ ಹೊಂದಿಕೊಂಡಿತ್ತು.

ಆಮೇಲೆ ಬಂತಲ್ಲ ಕೊರೊನಾ. ಶಾಲೆಗೆ ಬೀಗ ಬಿತ್ತು. ಮೇಷ್ಟ್ರುಗಳಿಗೆ ರಜಾ ಅಂದುಕೊಂಡಿರಾ? ಅಯ್ಯೋ, ಎಲ್ಲಿಯ ರಜಾ! ಹಾರೋಹಳ್ಳಿ ರಸ್ತೆಯ ಚೆಕ್‌ಪೋಸ್ಟಿನಲ್ಲಿ ಪೊಲೀಸರ ಪಕ್ಕ ನಿಂತು ಹೋಗಿಬರುವವರ ಹಣೆಗೆ ಜ್ವರ ನೋಡುವ ಗನ್ನು ಹಿಡಿಯುವುದು ಮೇಷ್ಟ್ರು. ಬೆಂಗಳೂರಿನಿಂದ ಯಾರು ಬಂದರು, ಯಾರು ಕೆಮ್ಮಿದರು ಅಂತ ಮನೆಮನೆ ಸುತ್ತುವುದು ಮೇಷ್ಟ್ರು. ಬಿಸಿಯೂಟದ ಅಕ್ಕಿ ಬೇಳೆ ಅಳೆದು ಮಕ್ಕಳ ಮನೆಗೆ ಹಂಚುವುದೂ ಮೇಷ್ಟ್ರೇ. ಇಷ್ಟೆಲ್ಲ ಮಾಡಿ, ಬಸ್ಸಿಲ್ಲದೆ ನಡೆದುಕೊಂಡು ಬಂದರೆ ಅಂಗಡಿ ಕಟ್ಟೆಯ ಮೇಲೆ ಕೂತವನೊಬ್ಬ ಹಲ್ಲು ಕಿರಿಯುತ್ತಾ, “ನಿಮ್ಗೇನ್ ಬುಡಿ ಮೇಡಂ, ಕೂತ್ಕಂಡೇ ಸಂಬ್ಳ” ಅಂದ. ಲತಾಮಣಿ ಚೀಲದಿಂದ ಗನ್ನು ತೆಗೆದು ಅವನ ಹಣೆಗೆ ಹಿಡಿದಳು. “ಜ್ವರ ಇಲ್ಲ ಕಣಪ್ಪ ನಿಂಗೆ. ಹೊಟ್ಟೆಕಿಚ್ಚು ಐತೆ, ಅಷ್ಟೆ” ಅಂದು ಮುಂದಕ್ಕೆ ಹೋದಳು.

ಇನ್ನು ಆನ್‌ಲೈನ್ ಪಾಠದ ಕಥೆ. ಸೀಗೆದೊಡ್ಡಿಯಲ್ಲಿ ಫೋನು ಹೊಡೆದುಕೊಂಡರೂ ಇಂಟರ್ನೆಟ್ಟು ಸಿಗುತ್ತಿದ್ದದ್ದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಮಾತ್ರ. ಫೋನಿದ್ದ ಅಪ್ಪಂದಿರು ಅದನ್ನು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಉಳಿದ ಒಂದೋ ಎರಡೋ ಫೋನಿಗೆ ಮಕ್ಕಳೆಲ್ಲ ಆ ಮೆಟ್ಟಿಲ ಮೇಲೆ ಜೋತುಬಿದ್ದರೆ, ಕೊರೊನಾವನ್ನು ಆರತಿ ಎತ್ತಿ ಕರೆದ ಹಾಗೇ. ಆ ಪಾಠ ಶುರುವಾದ ವಾರವೇ ನಿಂತುಹೋಯಿತು.

ನಟರಾಜು ಮೇಷ್ಟ್ರು ಹೋದದ್ದು ಎರಡನೇ ಅಲೆಯಲ್ಲಿ. ಸರ್ವೆಗೆ ಅಂತ ಮನೆಮನೆ ಸುತ್ತಿ ಬಂದವರು ಮಲಗಿದರು. ಹಾಸಿಗೆ ಹುಡುಕಿಕೊಂಡು ಕನಕಪುರ, ರಾಮನಗರ ಅಂತ ಆಂಬುಲೆನ್ಸು ಅಲೆಯಿತು. ಸಿಕ್ಕಿತು, ಆದರೆ ತಡವಾಗಿ ಸಿಕ್ಕಿತು. ಮಣ್ಣು ಮಾಡುವುದನ್ನು ಲತಾಮಣಿ ದೂರದಲ್ಲಿ ನಿಂತು ನೋಡಿದಳು, ಹತ್ತಿರಕ್ಕೆ ಬಿಡಲಿಲ್ಲ. ಆ ವಾರವೇ ಯಾವುದೋ ಕಚೇರಿಯಿಂದ ಅವಳಿಗೆ ಫೋನು ಬಂತು. “ನಟರಾಜು ಅವರ ಸರ್ವೆ ವರದಿ ಇನ್ನೂ ಬಂದಿಲ್ಲ ಮೇಡಂ, ಸ್ವಲ್ಪ ಅವರಿಗೆ ಹೇಳಿ ಕಳಿಸಿಕೊಡಿ.”

“ವರದಿ ಕೈಯಲ್ಲೇ ಹಿಡ್ಕೊಂಡು ಮೇಲಕ್ಕೆ ಹೋಗಿದ್ದಾರೆ ಸಾರ್. ಅರ್ಜೆಂಟಿದ್ರೆ ನೀವೇ ಹೋಗಿ ಇಸ್ಕೊಂಡು ಬನ್ನಿ” ಅಂದು ಫೋನಿಟ್ಟಳು.

ಹಾಗೆ ಅಂದದ್ದು ಸಿಟ್ಟಿಗೋ ದುಃಖಕ್ಕೋ ಅವಳಿಗೇ ಗೊತ್ತಾಗಲಿಲ್ಲ. ಒಂದು ಮಾತು ಮಾತ್ರ ಚೆನ್ನಾಗಿ ಗೊತ್ತಿತ್ತು. ಇನ್ನು ಸೀಗೆದೊಡ್ಡಿ ಶಾಲೆಗೆ ಅಂತ ಉಳಿದಿರುವವಳು ತಾನೊಬ್ಬಳೇ.

ಅಲೆ ಇಳಿಯುತ್ತಾ ಬಂದ ಆಷಾಢದ ಒಂದು ಬೆಳಗ್ಗೆ ಅಕ್ಕಿ ಹಂಚಲು ಊರಿಗೆ ಬಂದವಳಿಗೆ ತೋಟದ ಬದುವಿನ ಮೇಲೆ ಸೊಪ್ಪಿನ ಹೊರೆಯೊಂದು ತಾನಾಗಿ ನಡೆದು ಬರುವುದು ಕಾಣಿಸಿತು. ಹೊರೆಯ ಕೆಳಗೆ ಒಂದು ಜೊತೆ ಸಣ್ಣ ಕಾಲು. ಹತ್ತಿರ ಬಂದ ಮೇಲೆ ಮುಖ ಕಂಡಿತು. ಏಳನೇ ಕ್ಲಾಸಿನ ನವ್ಯಶ್ರೀ. ‘ಈ ಹುಡುಗಿ ಲೆಕ್ಕದಲ್ಲಿ ನನ್ನನ್ನೇ ತಿದ್ದುತ್ತಾಳೆ’ ಅಂತ ನಟರಾಜು ಮೇಷ್ಟ್ರು ಅಪರೂಪಕ್ಕೆ ಬಾಯಿಬಿಟ್ಟು ಹೊಗಳಿದ್ದು ಇವಳನ್ನೇ.

“ಓದ್ಕೋತಿದ್ದೀಯೇನೇ?”

“ಇಲ್ಲ ಮಿಸ್. ಇನ್ನ ಸ್ಕೂಲು ತೆಗೆಯಲ್ಲ ಅಂತು ಅಪ್ಪ.”

“ಮುನ್ನೂರ ನಲವತ್ತೆರಡನ್ನ ಒಂಬತ್ತರಿಂದ ಭಾಗಿಸು ನೋಡೋಣ.”

ಹಿಂದಾಗಿದ್ದರೆ ಪ್ರಶ್ನೆ ಮುಗಿಯುವಷ್ಟರಲ್ಲಿ ಉತ್ತರ ಬಂದುಬಿಡುತ್ತಿತ್ತು. ಈಗ ಹುಡುಗಿ ಹೊರೆಯ ಕೆಳಗೆ ತುಟಿ ಅಲ್ಲಾಡಿಸಿದಳು, ಬೆರಳು ಮಡಚಿದಳು, ಕಣ್ಣು ತುಂಬಿಕೊಂಡಳು. “ಮರ್ತೋಗೈತೆ ಮಿಸ್” ಅಂದಳು.

ಲತಾಮಣಿ ಅಕ್ಕಿ ಚೀಲವನ್ನು ಅಲ್ಲೇ ಇಳಿಸಿ, ಹುಡುಗಿಯ ಹಿಂದೆಯೇ ಅವಳ ಮನೆಗೆ ಹೋದಳು. ಅಪ್ಪ ಲೋಕೇಶ ಹುಳುಮನೆಯ ಮುಂದೆ ಸೊಪ್ಪು ಇಳಿಸಿಕೊಳ್ಳುತ್ತಿದ್ದ.

“ಏನ್ ಮಾಡನ ಮೇಡಂ, ಕೊರೊನಾ ಅಂತ ಕೂಲಿಯವ್ರು ಒಬ್ರೂ ಬತ್ತಿಲ್ಲ. ಹುಳ ಕಾಯ್ತವಾ? ಸ್ಕೂಲೂ ಇಲ್ಲ, ಪಾಠನೂ ಇಲ್ಲ. ಮನೇಲ್ ಕೂತು ಏನ್ ಮಾಡಾಳು? ಏಳ್ನೇ ಕ್ಲಾಸ್ಗಂಟ ಓದವ್ಳೆ, ಸಾಕು ಬುಡಿ.”

“ಸಾಕೋ ಬೇಕೋ ಅಂತ ಅವಳನ್ನ ಕೇಳಿದ್ರಾ ಲೋಕೇಶಣ್ಣ?”

“ಕೇಳಿ ಏನಾಗ್ಬೇಕು? ನೀವ್ ಹೇಳ್ಕೊಡ್ತೀರಾ? ಎಲ್ ಹೇಳ್ಕೊಡ್ತೀರಾ? ಸರ್ಕಾರನೇ ಬೀಗ ಜಡ್ದೈತೆ.”

ಆಗ ಹುಳುಮನೆಯ ಒಳಗಿಂದ ಅವನ ತಾಯಿ ಶಿವಲಿಂಗಮ್ಮನ ದನಿ ಬಂತು. “ಯಾಕ್ಲಾ, ಹುಳುಮನೆ ಮುಂದ್ಲ ಶೀಟಿನ್ ನೆಳ್ಳು ಸುಮ್ಕೆ ಬಿದ್ದಿಲ್ವಾ? ಅಲ್ ಕೂರುಸ್ಕಂಡು ಹೇಳ್ಕೊಡ್ಲಿ.”

“ನೀನ್ ಸುಮ್ಕಿರವ್ವ.”

“ನಾನ್ಯಾಕ್ಲಾ ಸುಮ್ಕಿರ್ಲಿ? ನೀನ್ ಏಳ್ನೇ ಕ್ಲಾಸ್ ಫೇಲಾಗ್ಬುಟ್ಟು ಸ್ಕೂಲ್ ಬುಟ್ಟಾಗ್ಲೂ ಸುಮ್ಕಿದ್ದೆ. ಅದ್ಕೇ ಇಂಗ್ ಮಾತಾಡ್ತಾ ಇದ್ದೀಯ” ಅಂದಳು ಮುದುಕಿ.

ಲೋಕೇಶ ತಲೆ ತಗ್ಗಿಸಿ ಸೊಪ್ಪು ಕೊಡವಿದ. ಕೊನೆಗೆ ಒಪ್ಪಂದವಾಯಿತು. ಬೆಳಗಿನ ಸೊಪ್ಪು ಬಿಡಿಸಿ ಹಾಕಿದ ಮೇಲೆ ನವ್ಯಶ್ರೀ ಪಾಠಕ್ಕೆ ಕೂರಬಹುದು. ಅವನ ಮನಸ್ಸಿನಲ್ಲಿ ಮಾತ್ರ ‘ಇದೆಲ್ಲ ಒಂದು ನಾಲ್ಕು ದಿನದ ಆಟ’ ಅಂತ ಇದ್ದದ್ದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಹುಳುಮನೆ ಅಂದರೆ ತಮಾಷೆ ಅಲ್ಲ. ರೇಷ್ಮೆ ಹುಳುವಿನಷ್ಟು ಬೇಗ ರೋಗ ಅಂಟಿಸಿಕೊಳ್ಳುವ ಜೀವ ಇನ್ನೊಂದಿಲ್ಲ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಮನೆಯವರೂ ಬಾಗಿಲಲ್ಲಿ ಇಟ್ಟ ಬ್ಲೀಚಿಂಗ್ ಪುಡಿಯ ನೀರನ್ನು ಮೆಟ್ಟಿ, ಕೈ ತೊಳೆದೇ ಒಳಗೆ ಕಾಲಿಡಬೇಕು. ಲತಾಮಣಿ ಅದೇ ನಿಯಮವನ್ನು ಹೊರಗಿನ ಶೀಟಿನ ನೆರಳಿಗೂ ಮಾಡಿದಳು. ಕೈಕಾಲು ತೊಳೆ, ಮಾಸ್ಕು ಹಾಕು, ಚಾಪೆಗೊಬ್ಬರು, ಕೆಮ್ಮಿದರೆ ಸೀದಾ ಮನೆಗೆ. ಮಕ್ಕಳಿಗೆ ಹೇಳಿಕೊಡುವುದೇ ಬೇಕಾಗಲಿಲ್ಲ. ಹುಟ್ಟಿದಾಗಿನಿಂದ ಹುಳುವಿಗೆ ಮಾಡುತ್ತಿದ್ದ ಉಪಚಾರವನ್ನು ಈಗ ತಮಗೆ ತಾವೇ ಮಾಡಿಕೊಂಡವು. ಮೊದಲ ವಾರ ನವ್ಯಶ್ರೀ ಜೊತೆ ಬಂದದ್ದು ಬೆರಳೆಣಿಕೆಯ ಮಕ್ಕಳು. ಆಮೇಲೆ ಅಕ್ಕಪಕ್ಕದ ತೋಟಗಳಿಂದ ಒಂದೊಂದೇ ತಲೆ ಇಣುಕಿ, ಚಾಪೆ ಸಾಲದಾಯಿತು. ಶಾಲೆಯಿಂದ ಸುರುಳಿ ಬೋರ್ಡು ತಂದು ಮೊಳೆಗೆ ನೇತುಹಾಕಿದಳು.

ಭಯವಿರಲಿಲ್ಲ ಅಂತಲ್ಲ. ಒಂದು ಮಗು ಸೀನಿದರೂ ಅವಳ ಕೈ ಜ್ವರ ನೋಡುವ ಗನ್ನಿಗೆ ಹೋಗುತ್ತಿತ್ತು. ಇನ್ನೊಂದು ಭಯವೂ ಇತ್ತು. ಮಕ್ಕಳನ್ನು ಒಂದೆಡೆ ಸೇರಿಸಬಾರದು ಅಂತ ಆದೇಶವಿತ್ತು, ಈ ಪಾಠಕ್ಕೆ ಯಾರ ಅಪ್ಪಣೆಯೂ ಇರಲಿಲ್ಲ. “ಯಾರೂ ಹೇಳ್ದೇ ಇರೋ ಕೆಲ್ಸ ನಿಂಗ್ಯಾಕೆ? ಸಿಕ್ಕಾಕೊಂಡ್ರೆ ಸಸ್ಪೆಂಡು” ಅಂದ ಹಾರೋಹಳ್ಳಿ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದ ಗಂಡ. ಅವನು ಹೇಳಿದ್ದು ಸುಳ್ಳಲ್ಲ. ಅವಳು ಸಸ್ಪೆಂಡಾದರೆ ಈ ಊರಿಗೆ ಮೇಷ್ಟ್ರೇ ಇಲ್ಲ. ಮೇಷ್ಟ್ರಿಲ್ಲದ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಇನ್ನೊಂದು ಊರಿನ ಶಾಲೆಗೆ ಸೇರಿಸಿ ಅಂದರೆ, ನವ್ಯಶ್ರೀಯಂಥವರು ಆ ಊರಿನ ದಾರಿಯನ್ನೇ ಹಿಡಿಯುವುದಿಲ್ಲ, ಸೊಪ್ಪಿನ ಹೊರೆಯ ಕೆಳಗೇ ಉಳಿದುಬಿಡುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ಅವಳು ದಿನಾ ಬಂದಳು. ಹುಡುಗಿಗೆ ಭಾಗಾಕಾರ ಮೆಲ್ಲಗೆ ವಾಪಸ್ ಬರುತ್ತಿತ್ತು, ಅದನ್ನು ಅರ್ಧಕ್ಕೆ ಬಿಡುವುದು ಅವಳ ಕೈಯಲ್ಲಿ ಆಗದ ಮಾತು.

ಹೀಗೆ ಸರಾಗವಾಗಿ ನಡೆಯುತ್ತಿದ್ದುದನ್ನು ಕೆಡಿಸಿದ್ದು ಒಂದೇ ಒಂದು ಶಬ್ದ. ಜ್ವರ.

ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಇದ್ದು, ಹಳೆಯ ಚರ್ಮ ಕಳಚಿ ಏಳುತ್ತದೆ. ಈ ಕಡೆಯ ರೈತರು ಅದಕ್ಕೆ ಜ್ವರ ಅನ್ನುತ್ತಾರೆ. ಮೊದಲನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ರೋಗವಲ್ಲ, ಬೆಳವಣಿಗೆ. ಹುಳು ಜ್ವರಕ್ಕೆ ಕೂತಿತು ಅಂದರೆ ಅದರ ಮೇಲೆ ಒಂದಿಷ್ಟು ಸುಣ್ಣದ ಪುಡಿ ಚೆಲ್ಲಿದರಾಯಿತು, ಮನೆಯವರಿಗೆ ಸೊಪ್ಪು ಹೊರುವುದರಿಂದ ಒಂದು ದಿನ ಬಿಡುವು, ಮನಸ್ಸಿಗೆ ನೆಮ್ಮದಿ. ನಾಲ್ಕನೆಯದೂ ಎದ್ದರೆ ವಾರದಲ್ಲಿ ಗೂಡು, ಗೂಡಿನ ಮೂಟೆ ರಾಮನಗರದ ಮಾರುಕಟ್ಟೆಗೆ.

ಅವತ್ತು ಲೋಕೇಶ ಫೋನನ್ನು ಚಾರ್ಜಿಗೆ ಹಾಕಿ ಗೊಬ್ಬರ ತರಲು ಹೋಗಿದ್ದ. ಫೋನು ಹೊಡೆದುಕೊಂಡಿತು. ಶಿವಲಿಂಗಮ್ಮ ಎತ್ತಿಕೊಂಡು, ಫೋನಿಲ್ಲದೆಯೇ ಆ ಕಡೆಯವರಿಗೆ ಕೇಳುವಷ್ಟು ಗಟ್ಟಿಯಾಗಿ ಮಾತಾಡತೊಡಗಿದಳು. ಮಕ್ಕಳಿಗೆ ಉಕ್ತಲೇಖನ ಬರೆಸುತ್ತಿದ್ದ ಲತಾಮಣಿಯ ಕಿವಿಗೆ ಬಿದ್ದದ್ದು ಮುದುಕಿ ಆಡಿದ ಮಾತಷ್ಟೇ.

“ಊಂ ಕಣವ್ವಾ, ಜ್ವರ ಐತೆ... ಒಬ್ರುಗಾ? ಎಲ್ಲಾ ಜ್ವರುಕ್ ಕೂತವೆ, ಒಂದೂ ಬುಟ್ಟಿಲ್ಲ... ಊಟನಾ? ನೆನ್ನೆಯಿಂದ ಬಾಯೇ ತೆಗ್ದಿಲ್ಲ. ಜ್ವರದಲ್ಲಿ ಎಲ್ಲಾರ ತಿಂದವಾ?... ಬ್ಯಾಡ ಬ್ಯಾಡ, ಡಾಕ್ಟ್ರು ಯಾತುಕ್ಕೆ? ಸುಣ್ಣ ಚೆಲ್ಲಿವ್ನಿ... ಊಂ, ಮೈಮ್ಯಾಲೇಯ... ಇದು ನಾಕ್ನೇ ಜ್ವರ ಅಲ್ವಾ, ಇದೊಂದ್ ಎದ್ಬುಟ್ರೆ ಇನ್ನೊಂದ್ ವಾರ. ಆಮೇಲ್ ಮೂಟೆ ಕಟ್ಟಿ ರಾಮನಗ್ರುಕ್ ತಗಂಡೋಗಿ ಹಾಕ್ಬುಟ್ ಬತ್ತೀವಿ.”

ಯಾರೋ ನೆಂಟರು ಬೆಳೆ ಹೇಗಿದೆ ಅಂತ ಕೇಳುತ್ತಿದ್ದಾರೆ ಅಂದುಕೊಂಡು ಲತಾಮಣಿ ಉಕ್ತಲೇಖನ ಮುಂದುವರಿಸಿದಳು. ಆ ತುದಿಯಲ್ಲಿದ್ದದ್ದು ಮನೆಮನೆಗೆ ಫೋನು ಮಾಡಿ ಜ್ವರ ವಿಚಾರಿಸುವ ಕೋವಿಡ್ ಸಹಾಯವಾಣಿಯ ಹುಡುಗಿ ಅಂತಲೂ, ಪಾಪ ಆಕೆ ರೇಷ್ಮೆಯನ್ನು ಸೀರೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡವಳಲ್ಲ ಅಂತಲೂ ಗೊತ್ತಾದದ್ದು ಮಾರನೆಯ ದಿನ.

ಮಾರನೆಯ ದಿನ ಪಾಠದ ಮಧ್ಯದಲ್ಲಿ ಆಂಬುಲೆನ್ಸು ಬಂತು. ಒಂದಲ್ಲ, ಎರಡು. ತಲೆಯಿಂದ ಕಾಲಿನ ತನಕ ಬಿಳಿ ಅಂಗಿ ತೊಟ್ಟವರು ಇಳಿದರು. ಬೀದಿಗೆ ಅಡ್ಡಲಾಗಿ ಕಟ್ಟುವ ಪಟ್ಟಿಯ ಸುರುಳಿಯನ್ನೂ ತಂದಿದ್ದರು. ಅವರ ಹಿಂದೆ ಬೈಕಿನಲ್ಲಿ ಜಯಕುಮಾರ್ ಬಂದರು. ಸುತ್ತಲಿನ ಶಾಲೆಗಳ ಉಸ್ತುವಾರಿ ಅವರದು, ಕೋವಿಡ್ ತಂಡಕ್ಕೂ ಅವರನ್ನೇ ಹಾಕಿದ್ದರು.

“ಜ್ವರದವರೆಲ್ಲ ಎಲ್ಲಿದ್ದಾರೆ?” ಬಿಳಿ ಅಂಗಿಯೊಳಗಿನ ಡಾಕ್ಟರು ಕೇಳಿದರು.

“ಒಳಗವೆ” ಅಂದಳು ಶಿವಲಿಂಗಮ್ಮ. “ತಡೀರಿ ತಡೀರಿ, ಆ ಬೂಟ್ನಾಗ್ ನುಗ್ಬೇಡಿ. ಕಾಲ್ ತೊಳ್ಕಳ್ಳಿ ಮೊದ್ಲು.”

“ಎಷ್ಟು ಜನ?”

“ಜನ ಎಲ್ ಬತ್ತಾರೆ ಸಾಮಿ? ಹುಳ! ನೂರ್ ಚಿಟ್ಟೆ ಇಟ್ಟ ಮೊಟ್ಟೇದು ಸಾಕಿವ್ನಿ. ರಾತ್ರಿನೇ ಜ್ವರ ಬುಟ್ಟು ಎದ್ವು, ಬೆಳಿಗ್ಗಿಂದ ಒಂದೇ ಸಮ್ನೆ ತಿಂತಾ ಅವೆ.”

ಡಾಕ್ಟರು ಬಾಗಿಲಲ್ಲಿ ನಿಂತು ಇಣುಕಿದರು. ತಟ್ಟೆಗಳ ಮೇಲೆ ಸಾವಿರಾರು ಬಿಳಿ ಹುಳುಗಳು ಸೊಪ್ಪು ಕತ್ತರಿಸುವ ಸದ್ದು ಬಿಟ್ಟರೆ ಒಳಗೆ ಏನೂ ಇರಲಿಲ್ಲ. ಆಂಬುಲೆನ್ಸಿನ ಡ್ರೈವರ್ ಈ ಕಡೆಯವನೇ. “ಸಾ, ಹುಳಿನ್ ಜ್ವರ ಸಾ ಇದು! ಅಯ್ಯಯ್ಯೋ!” ಅಂತ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಗತೊಡಗಿದ. ವಿವರ ಕೇಳಿದ ಮೇಲೆ ಡಾಕ್ಟರೂ ನಕ್ಕರು. ಮಕ್ಕಳಂತೂ ಚಾಪೆಯ ಮೇಲೆ ಬಿದ್ದು ಹೊರಳಿದವು. ಆಂಬುಲೆನ್ಸುಗಳು ಬಂದ ದಾರಿಯಲ್ಲೇ ತಿರುಗಿ ಹೋದವು.

ನಗದೆ ಉಳಿದವರು ಜಯಕುಮಾರ್ ಒಬ್ಬರೇ. ಅವರು ಚಾಪೆಗಳನ್ನು ನೋಡಿದರು, ಬೋರ್ಡನ್ನು ನೋಡಿದರು, ಬೋರ್ಡಿನ ಮೇಲೆ ಅರ್ಧ ಮಾಡಿ ಬಿಟ್ಟಿದ್ದ ಲೆಕ್ಕವನ್ನು ನೋಡಿದರು.

“ಏನ್ ಮೇಡಂ ಇದು?”

“ಸ್ಕೂಲು ಸಾರ್.”

“ಸ್ಕೂಲಿಗೆ ಬೀಗ ಹಾಕಿದೆಯಲ್ಲ.”

“ಕಟ್ಟಡಕ್ಕೆ ಹಾಕಿದೆ.”

ಜಯಕುಮಾರ್ ಕೆಟ್ಟವರಲ್ಲ. ಹೆದರುವವರು, ಅಷ್ಟೆ. ಬೋರ್ಡಿನ ಮುಂದೆ ಬಂದು ನಿಂತು ದನಿ ತಗ್ಗಿಸಿದರು. “ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ ಕೇಳಿ. ಎರಡು ಗಾಡಿ ಬಂದು ಹೋದ ಮೇಲೆ ನಾನು ಏನಾದ್ರೂ ಬರೆದು ಕಳಿಸ್ಲೇಬೇಕು. ಇಷ್ಟು ಮಕ್ಕಳು ಒಂದ್ಕಡೆ ಇದ್ದದ್ದನ್ನ ಡಾಕ್ಟರೂ ನೋಡಿದ್ದಾರೆ. ಪಾಠ ಅಂತ ಬರೆದ್ರೆ ನೀವೂ ಹೋಗ್ತೀರಿ, ನಿಮ್ಮ ಹಿಂದೆ ನಾನೂ ಹೋಗ್ತೀನಿ. ಬೇರೆ ಥರ ಬರೀತೀನಿ. ಈ ಮನೆಯವರು ಒಂದು ಸಹಿ ಹಾಕ್ಲಿ. ನೀವು ಇವತ್ತಿಗೇ ಇದನ್ನ ನಿಲ್ಲಿಸಿ. ನಿಮ್ಮ ಹೆಸರೇ ಬರೋದಿಲ್ಲ.”

ಬೈಕಿನ ಸೀಟಿನ ಮೇಲೆ ಕಾಗದ ಇಟ್ಟುಕೊಂಡು ಬರೆದರು. ಬರೆದದ್ದನ್ನು ಎಲ್ಲರಿಗೂ ಕೇಳುವ ಹಾಗೆ ಓದಿದರು. “ಸದರಿ ಮಕ್ಕಳು ಹಿಪ್ಪುನೇರಳೆ ಸೊಪ್ಪಿನ ಕೆಲಸಕ್ಕಾಗಿ ಸೇರಿದ್ದು, ಇವರಿಗೂ ಶಾಲೆಗೂ ಯಾವುದೇ ಸಂಬಂಧವಿರುವುದಿಲ್ಲ.”

“ಅಂಗೇ ಬರ್ಕಳ್ಳಿ ಸಾ, ಸೊಪ್ಗೇ ಬಂದವ್ರೆ” ಅಂತ ಶಿವಲಿಂಗಮ್ಮ ತಕ್ಷಣ ಸಾಕ್ಷಿ ನುಡಿದಳು. ಟೀಚರಮ್ಮ ಉಳಿದರೆ ಸಾಕು ಅವಳಿಗೆ. ತನ್ನ ನಾಲಿಗೆಯಿಂದಲೇ ಇಷ್ಟೆಲ್ಲ ಆಯಿತು ಅಂತ ಮುಖ ಇಷ್ಟು ಸಣ್ಣದಾಗಿತ್ತು. ಅಷ್ಟರಲ್ಲಿ ತೋಟದಿಂದ ಬಂದು ನಿಂತಿದ್ದ ಲೋಕೇಶ ಪೆನ್ನು ಇಸಿದುಕೊಂಡ.

ಲತಾಮಣಿ ‘ಯಾಕೆ’ ಅಂತ ಕೇಳಲಿಲ್ಲ. ಅವಳ ಜೀವಮಾನದಲ್ಲಿ ಮೊದಲ ಸಲ ಇರಬೇಕು. ಹೂಂ ಅಂದರೆ ಮುಗಿಯಿತು. ಕೆಲಸ ಉಳಿಯುತ್ತದೆ, ಶಾಲೆಗೆ ಒಬ್ಬ ಮೇಷ್ಟ್ರು ಉಳಿಯುತ್ತಾರೆ. ಒಂದು ಸುಳ್ಳು ತಾನೇ, ಯಾರ ಗಂಟು ಹೋಗುತ್ತದೆ? ಹೀಗೆ ಅಂದುಕೊಳ್ಳುತ್ತಾ ಅವಳು ಮಕ್ಕಳ ಕಡೆ ನೋಡದೆ ನೆಲ ನೋಡುತ್ತಿದ್ದಳು.

“ಮಿಸ್...” ನವ್ಯಶ್ರೀ ಚಾಪೆಯಿಂದ ಎದ್ದು ನಿಂತಿದ್ದಳು. “ನಂಗೂ ಸ್ಕೂಲ್ಗೂ ಸಂಬಂಧ ಇಲ್ವಾ ಮಿಸ್?”

ತಮಾಷೆಗೆ ಕೇಳಿದ್ದಲ್ಲ, ಎದುರು ಮಾತಾಡಬೇಕು ಅಂತ ಕೇಳಿದ್ದೂ ಅಲ್ಲ. ಗೊತ್ತಾಗದೆ ಕೇಳಿದ್ದು. ಸರ್ಕಾರದ ಕಾಗದದಲ್ಲಿ ಬರೆದಿದ್ದಾರೆ, ನಿಜವೇ ಇರಬೇಕು ಅಂತ ಹುಡುಗಿಯ ಮುಖದಲ್ಲಿ ಬರೆದಿತ್ತು. ಲತಾಮಣಿಗೆ ಮೈಯೆಲ್ಲ ಉರಿದು ಹೋಯಿತು. ಜಯಕುಮಾರ್ ಮೇಲಲ್ಲ, ನೆಲ ನೋಡುತ್ತಾ ನಿಂತಿದ್ದ ತನ್ನ ಮೇಲೆಯೇ.

“ಸಾರ್, ಒಂದು ಮಾತು ಹೇಳಿ. ಸೊಪ್ಪು ಹೊರೋಕೆ ಮಕ್ಕಳು ಸೇರಿದ್ರೆ ಕೊರೊನಾ ಬರಲ್ಲ, ಲೆಕ್ಕ ಕಲಿಯೋಕೆ ಸೇರಿದ್ರೆ ಬರುತ್ತೆ, ಅಲ್ವಾ?”

“ಅದು ಹಾಗಲ್ಲ ಮೇಡಂ...”

“ಹಾಗೇ ಬರೆದಿದ್ದೀರಲ್ಲ! ಮಗು ಹೊರೆ ಹೊತ್ತರೆ ಯಾರ ಕೆಲಸಾನೂ ಹೋಗಲ್ಲ. ಮಗು ಪುಸ್ತಕ ಹಿಡಿದ್ರೆ ಇಬ್ಬರ ಕೆಲಸ ಹೋಗುತ್ತೆ. ನಟರಾಜು ಮೇಷ್ಟ್ರನ್ನ ಸಾಯೋ ತನಕ ಮನೆಮನೆ ತಿರುಗಿಸಿದ್ರು. ಗುಂಪು ಸೇರಬಾರದು ಅನ್ನೋ ಆದೇಶ ಆಗ ಯಾರಿಗೂ ಅಡ್ಡ ಬರಲಿಲ್ಲ. ಆ ಮೇಷ್ಟ್ರು ಕಲಿಸಿದ ಹುಡುಗಿಗೂ ಶಾಲೆಗೂ ಸಂಬಂಧ ಇಲ್ಲ ಅಂತ ಬರೆಯೋಕೆ ನಿಮಗೆ ಕೈ ಹೇಗೆ ಬಂತು ಸಾರ್?”

ಜಯಕುಮಾರ್ ಬೋರ್ಡಿನ ಕಡೆ ನೋಡಿದರು. ಅವರೂ ಒಂದು ಕಾಲಕ್ಕೆ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತವರೇ.

ಲತಾಮಣಿ ಲೋಕೇಶನ ಕೈಯಿಂದ ಪೆನ್ನು ಕಿತ್ತುಕೊಂಡಳು. ಬೈಕಿನ ಸೀಟಿನ ಮೇಲಿದ್ದ ಕಾಗದದಲ್ಲಿ ಆ ಸಾಲನ್ನು ಹೊಡೆದು ಹಾಕಿದಳು. ಕೆಳಗೆ ದುಂಡಾಗಿ, ಮಕ್ಕಳಿಗೆ ಕಾಪಿ ಹಾಕಿಕೊಡುವ ಅಕ್ಷರದಲ್ಲಿ ಬರೆದಳು. ‘ಮಕ್ಕಳು ಪಾಠಕ್ಕೆ ಬಂದಿದ್ದರು. ಪಾಠ ಮಾಡಿದವಳು ನಾನು.’ ಹೆಸರು ಬರೆದು ಸಹಿ ಹಾಕಿದಳು.

“ಮೇಡಂ, ಇದು ನಿಮ್ಮ ಕೆಲಸಕ್ಕೇ ಸಂಚಕಾರ ತರುತ್ತೆ.”

“ತರಲಿ. ಪಾಠ ಮಾಡಿದ್ದಕ್ಕೆ ಟೀಚರನ್ನ ಸಸ್ಪೆಂಡ್ ಮಾಡಿದ್ವಿ ಅಂತ ಅವರೂ ಒಂದ್ಸಲ ಬರೀಲಿ. ಅವರ ಅಕ್ಷರಾನೂ ನೋಡೋಣ.”

ಆಗ ಲೋಕೇಶ ಕೈ ಚಾಚಿದ. “ಪೆನ್ ಕೊಡಿ ಮೇಡಂ ಇಲ್ಲಿ.”

“ನೀವ್ ಬೇಡ ಲೋಕೇಶ್, ನಿಮಗೂ ಸುಮ್ಮನೆ ತೊಂದರೆ” ಅಂದರು ಜಯಕುಮಾರ್.

“ನಂಗೇನ್ ತೊಂದ್ರೆ ಸಾ? ಏಳ್ನೇ ಕ್ಲಾಸ್ ಫೇಲ್ ಆದೋನ್ನ ಎಲ್ಲಿಂದ ಸಸ್ಪೆಂಡ್ ಮಾಡಾರು?” ಅಂದ ಲೋಕೇಶ. ನಗುತ್ತಾ ಅಂದದ್ದಲ್ಲ. ಅವನ ಮುಖ ಕೆಂಪಾಗಿತ್ತು. “ಮನೇಲಿ ನನ್ ಮಗ್ಳು ಸೊಪ್ಪು ಬಿಡ್ಸಿದ್ರೆ ಅದು ನಮ್ ಕಷ್ಟ. ನೀವು ಅವ್ಳನ್ನ ಸೊಪ್ಪಿನವ್ಳು, ಸ್ಕೂಲ್ಗ್ ಸಂಬಂಧ ಇಲ್ದೋಳು ಅಂತ ಕಾಗ್ದದಲ್ ಬರ್ದು ಓದುದ್ರಲ್ಲ, ಎದೆಗೆ ಒದ್ದಂಗಾಯ್ತು ಸಾ. ಅಂಗ್ ಮಾಡಿದ್ದು ನಾನೇಯ. ನೀವ್ ಬರ್ದ್ ಓದ್ದ ಮೇಲೆ ಗೊತ್ತಾಯ್ತು.”

ಟೀಚರ ಸಹಿಯ ಕೆಳಗೆ ಅಕ್ಷರಗಳನ್ನು ಒಂದೊಂದಾಗಿ ಕೂರಿಸಿ ತನ್ನ ಹೆಸರು ಬರೆದ. ಬರೆದು ಮಗಳ ಕಡೆ ತಿರುಗಿ, “ನಾಳಿಂದ ಬೆಳಿಗ್ಗೆ ಸೊಪ್ಗೆ ನಾನೇ ಹೋಯ್ತೀನಿ. ನೀನ್ ಕೂತ್ಕ ಓದ್ಕ” ಅಂದ. ನವ್ಯಶ್ರೀ ಚಾಪೆಯ ಮೇಲೆ ಕೂತು ಸ್ಲೇಟನ್ನು ಮಡಿಲಿಗೆ ಎಳೆದುಕೊಂಡಳು. ಉಳಿದ ಮಕ್ಕಳೂ ಒಂದೊಂದೇ ಕೂತವು.

ಜಯಕುಮಾರ್ ಕಾಗದ ಎತ್ತಿಕೊಂಡು ಮತ್ತೆ ಬೋರ್ಡಿನ ಮುಂದೆ ಬಂದು ನಿಂತರು. ಹರಿಯಲೂ ಇಲ್ಲ, ಜೇಬಿಗೆ ಹಾಕಲೂ ಇಲ್ಲ. ಕೊನೆಗೆ, “ಇದನ್ನ ಕಳಿಸ್ತೀನಿ ಮೇಡಂ. ಮುಂದಿಂದು ನನ್ನ ಕೈಯಲ್ಲಿಲ್ಲ. ಒಂದೇ ಒಂದು ಮಾತು ಹೇಳಿಬಿಡಿ, ನಾಳೆಯಿಂದ ಪಾಠ ನಿಲ್ಲಿಸ್ತೀರೋ ಇಲ್ಲವೋ?” ಅಂದರು.

ಲತಾಮಣಿ ಸೆರಗು ಸಿಕ್ಕಿಸಿಕೊಂಡು ಸೀಮೆಸುಣ್ಣ ಎತ್ತಿಕೊಂಡಳು.

“ನಾಳೆ ಮಾತು ನಾಳೆ ಸಾರ್. ಇವತ್ತಿಂದೇ ಇನ್ನೂ ಮುಗಿದಿಲ್ಲ. ಒಸಿ ಆ ಕಡೆ ಸರ್ಕೊಳ್ಳಿ, ನೀವು ಬೋರ್ಡಿಗೆ ಅಡ್ಡ ನಿಂತಿದ್ದೀರಿ, ಮಕ್ಕಳಿಗೆ ಕಾಣ್ತಿಲ್ಲ.”

ಜಯಕುಮಾರ್ ಸರಿದು ನಿಂತರು.